ಲೈಟ್ ಬಾರ್ ಹಾಕಿಸಿದ ಮೇಲೆ ಹೆದ್ದಾರಿಯಲ್ಲಿ ಜೀಪು ಬಿಸಿಯಾಗ್ತಿದೆ

ಸಕಲೇಶಪುರದ ಜೀಪು:
ತೋಟದ ಡೀಸೆಲ್ ಜೀಪಿಗೆ ಸ್ಟೀಲ್ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯೋ ಯಂತ್ರ), ಗ್ರಿಲ್‌ಗೆ ಅಡ್ಡ ಉದ್ದದ ಲೈಟ್ ಬಾರ್ ಹಾಕಿಸಿದ್ದೀನಿ. ತೋಟದೊಳಗೆ ಲೋ ರೇಂಜ್‌ನಲ್ಲಿ (ನಿಧಾನಕ್ಕೆ, ಹೆಚ್ಚು ಬಲದಲ್ಲಿ ಎಳೆಯೋ ಗೇರಿನಲ್ಲಿ) ಎಷ್ಟು ಹತ್ತಿಸಿದರೂ ತೊಂದರೆಯಿಲ್ಲ. ಹಾಸನ ದಾಟಿ ಬೆಂಗಳೂರು ಕಡೆ ಏಸಿ ಹಾಕ್ಕೊಂಡು 90ರಲ್ಲಿ ಹೋದರೆ ಎಂಜಿನ್ ಬಿಸಿ ತೋರಿಸೋ ಮುಳ್ಳು ಏರುತ್ತೆ, ವೇಗ ತಗ್ಗಿಸಿದರೆ ಇಳಿಯುತ್ತೆ. ಕೂಲಂಟ್ ಸರಿಯಿದೆ. ಲೈಟಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತಾರೆ ಅಂಗಡಿಯವರು. ಏನು ನೋಡಿಸಲಿ?

ಹಳೇ ಮೆಕ್ಯಾನಿಕ್:
ಸಂಬಂಧ ಇದೆ ಸರ್. ನಿಧಾನಕ್ಕೆ ಹೋಗುವಾಗ ರೇಡಿಯೇಟರ್‌ಗೆ ಗಾಳಿ ಎಳೆಯೋದು ಫ್ಯಾನು, ವೇಗದಲ್ಲಿ ಎದುರುಗಾಳಿ. ತೋಟದಲ್ಲಿ ತಣ್ಣಗಿದೆ ಅಂದ್ರೆ ಫ್ಯಾನ್ ಮೇಲೆ ನನಗೆ ಅನುಮಾನವಿಲ್ಲ. ಲೈಟ್ ಬಾರ್ ಕಿರಿದಾಗಿ ಕಂಡರೂ ಅದರ ಹಿಂದೆ ಗಾಳಿ ಸುಳಿ ಸುತ್ತುತ್ತೆ. ಅದು ಮುಚ್ಚಿದ ಜಾಗಕ್ಕಿಂತ ಹೆಚ್ಚು ಜಾಗಕ್ಕೆ ಗಾಳಿ ತಪ್ಪುತ್ತೆ. ಬಾರ್ ಬಿಚ್ಚಿಟ್ಟು ಅದೇ ರಸ್ತೇಲಿ, ಅದೇ ಬಿಸಿಲಲ್ಲಿ ಓಡಿಸಿ. ಓಬಿಡಿ ರೀಡರ್ (ಗಾಡಿಯ ಕಂಪ್ಯೂಟರಿನ ಅಂಕಿ ತೋರಿಸೋ ಸಾಧನ) ಸಿಕ್ಕಿಸಿ ಕೂಲಂಟ್ ಎಷ್ಟು ಡಿಗ್ರಿ ಅಂತ ನೋಡಿ. ಎಷ್ಟೋ ಗಾಡಿಗಳಲ್ಲಿ ಹತ್ತು ಡಿಗ್ರಿ ಏರಿದರೂ ಮುಳ್ಳು ಅಲ್ಲಾಡಲ್ಲ, ಅಲ್ಲಾಡೋ ಹೊತ್ತಿಗೆ ತಡವಾಗಿರುತ್ತೆ.

ಇನ್ನೊಂದು, ಮುಂದಿರೋ ಏಸಿ ಕಂಡೆನ್ಸರ್‌ಗೂ (ಏಸಿಯ ಬಿಸಿ ಹೊರಹಾಕೋ ಜಾಲರಿ) ಅದರ ಹಿಂದಿನ ರೇಡಿಯೇಟರ್‌ಗೂ ನಡುವಿನ ಸಂದಿಗೆ ಟಾರ್ಚ್ ಬಿಡಿ. ತೋಟದ ಗಾಡಿ ಅಂದ್ಮೇಲೆ ಕೆಸರು, ಸಿಲ್ವರ್ ಓಕ್ ಎಲೆ ಅಲ್ಲಿ ಒಣಗಿ ಹಪ್ಪಳದ ಹಾಗೆ ಕೂತಿರುತ್ತೆ. ಎಂಜಿನ್ ಪೂರ್ತಿ ಆರಿದ ಮೇಲೆ ಫ್ಯಾನ್ ಕಡೆಯಿಂದ ಮುಂದಕ್ಕೆ ಪೈಪಿನ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ರೇಡಿಯೇಟರಿನ ಫಿನ್ (ತೆಳು ತಗಡಿನ ಪಟ್ಟಿ) ಮಡಚಿಕೊಳ್ಳುತ್ತೆ.

ಘಾಟಿ ಸವಾರ:
ವಿಂಚಿನ ಕಂಟ್ರೋಲ್ ಬಾಕ್ಸ್ ಗ್ರಿಲ್ ಎದುರಿಗಿದೆಯಾ? ಇದ್ದರೆ ಪಕ್ಕಕ್ಕೆ ಸರಿಸಿ. ಬಂಪರಿನ ಮೇಲಿನ ಗಾರ್ಡ್ ಬಗ್ಗೆಯೂ ಯೋಚಿಸಿ: ಬುಲ್ ಬಾರ್ (ಗಾಡಿ ಮುಂದಿನ ಇಂಥ ಲೋಹದ ಗಾರ್ಡ್) ಹಾಕಿದವರ ಮೇಲೆ ಕ್ರಮ ತಗೊಳ್ಳಿ ಅಂತ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಏರ್‌ಬ್ಯಾಗ್ ಇದ್ದರೆ, ಡಿಕ್ಕಿಯಾದಾಗ ಈ ಗಾರ್ಡ್‌ನಿಂದ ಅದು ಸರಿಯಾದ ಹೊತ್ತಿಗೆ ತೆರೆಯದೇ ಹೋಗಬಹುದು.

ಸಕಲೇಶಪುರದ ಜೀಪು:
ಬಾರ್ ಬಿಚ್ಚಿ ಹೋಗಿಬಂದೆ. 106 ಡಿಗ್ರಿಗೆ ಹೋಗ್ತಿದ್ದದ್ದು 98ಕ್ಕೆ ನಿಂತಿದೆ. ಸಂದಿಯ ಕೆಳಮೂಲೆಯಲ್ಲಿ ಕೆಂಪು ಕೆಸರು ಗಟ್ಟಿಯಾಗಿ ಕೂತಿದೆ, ನಾಳೆ ತೊಳೀತೀನಿ. ಇಲ್ಲೊಬ್ಬರು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗೋವರೆಗೂ ಕೂಲಂಟ್ ರೇಡಿಯೇಟರ್‌ಗೆ ಹೋಗದ ಹಾಗೆ ತಡೆಯೋ ವಾಲ್ವ್) ಕಿತ್ತುಬಿಡಿ ಅಂತಿದ್ದಾರೆ, ಕೀಳಿಸಲಾ?

ಹಳೇ ಮೆಕ್ಯಾನಿಕ್:
ದಯವಿಟ್ಟು ಬೇಡ. ಬೆಳಗಿನ ಚಳೀಲಿ ಎಂಜಿನ್ ಕಾಯೋದೇ ಇಲ್ಲ. ಡೀಸೆಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಹೆಚ್ಚು. ತೊಳೆದ ಮೇಲೆ ಎಷ್ಟಿದೆ ಅಂತ ಬರೀರಿ. ಬಾರನ್ನ ಗ್ರಿಲ್ ಬಿಟ್ಟು ಎಲ್ಲಿ ಕೂರಿಸಬಹುದು ಅನ್ನೋದಕ್ಕೆ ಮುಂಭಾಗದ ಒಂದು ಫೋಟೋ ಹಾಕಿ.