ಹ್ಯಾಟೆ ಹೊಟ್ಟೆ ಊದಿದೆ: ನೀರಾ, ಮೊಟ್ಟೆನಾ, ಕೊಬ್ಬಾ?

ಪ್ರಶ್ನೆ (ಸಕಲೇಶಪುರ ಕಡೆಯಿಂದ): ಡಾಕ್ಟ್ರೇ ನಮಸ್ತೆ. ಮನೇಲಿ ಸಾಕಿರೋ ಗಿರಿರಾಜ ಹ್ಯಾಟೆ, ಎರಡೂವರೆ ವರ್ಷದ್ದು. ಎರಡು ಸಲ ತೊಗಲು ಮೊಟ್ಟೆ (ಗಟ್ಟಿ ಚಿಪ್ಪಿಲ್ಲದ್ದು) ಹಾಕಿ ಆಮೇಲೆ ಮೊಟ್ಟೆನೇ ನಿಲ್ಲಿಸಿಬಿಟ್ಟಿದೆ. ಈಗ ಕಾಲುಗಳ ನಡುವೆ ಹೊಟ್ಟೆ ಜೋತುಬಿದ್ದಿದೆ, ಎದೆ ಎತ್ತಿಕೊಂಡು ನೆಟ್ಟಗೆ ನಿಲ್ಲುತ್ತೆ, ಕಾಲು ಅಗಲಿಸಿ ನಡೆಯುತ್ತೆ. ಮೇವು ತಿನ್ನುತ್ತೆ, ಆದರೆ ಅಟ್ಟಣೆ ಮೇಲೆ ಹಾರೋಕೆ ಆಗ್ತಿಲ್ಲ. ಮಕ್ಕಳ ಮುದ್ದಿನ ಕೋಳಿ, ಸಾರಿಗೆ ಸಾಕಿದ್ದಲ್ಲ. ಪಕ್ಕದ ಮನೆಯವರು ಸಿರಿಂಜ್ ಹಾಕಿ ನೀರು ಎಳೀರಿ ಅಂತಾರೆ. ಎಳೀಬಹುದಾ?

ಪಶುವೈದ್ಯರು: ಸಿರಿಂಜ್ ಪಕ್ಕಕ್ಕಿಡಿ ಅಕ್ಕ. ಒಳಗೆ ಇರೋದು ನೀರೇ ಅಂತ ಇನ್ನೂ ಗೊತ್ತಾಗಿಲ್ಲ. ಹೊಟ್ಟೆ ಊದೋದು ಒಂದು ಲಕ್ಷಣ ಅಷ್ಟೆ, ಅದರ ಹಿಂದೆ ಐದಾರು ಬೇರೆ ಬೇರೆ ಕಾಯಿಲೆ ಇರಬಹುದು.

ಸಂಜೆ ಗೂಡು ಸೇರೋ ಹೊತ್ತಿಗೆ ಹಿಡಿಯಿರಿ, ಆಗ ಗಲಾಟೆ ಮಾಡಲ್ಲ. ಕಾಲು ಹಿಡಿದು ತಲೆಕೆಳಗೆ ಮಾತ್ರ ಎತ್ತಬೇಡಿ. ಸಂತೆಗೆ ಒಯ್ಯುವಾಗ ಎಲ್ಲರೂ ಹಾಗೇ ಹಿಡೀತಾರೆ, ನಿಜ. ಆದರೆ ಕೋಳಿಗೆ ನಮ್ಮ ಹಾಗೆ ಎದೆ ಹೊಟ್ಟೆ ಬೇರೆ ಮಾಡೋ ವಪೆ ಇಲ್ಲ, ಉಸಿರಿನ ಗಾಳಿಚೀಲಗಳು ಹೊಟ್ಟೆವರೆಗೂ ಇವೆ. ನೀರು ತುಂಬಿದ ಕೋಳಿಯನ್ನು ತಲೆಕೆಳಗು ಮಾಡಿದರೆ ಆ ಭಾರವೆಲ್ಲ ಗಾಳಿಚೀಲದ ಮೇಲೆ ಬಿದ್ದು ಕೈಯಲ್ಲೇ ಉಸಿರುಗಟ್ಟಿ ಸಾಯಬಹುದು. ಅಂಗಾತ ಮಲಗಿಸೋದೂ ಬೇಡ.

ತೊಡೆ ಮೇಲೆ ಕೂರಿಸಿಕೊಂಡು, ತಲೆ ನಿಮ್ಮ ಕಂಕುಳ ಕಡೆ ಬರೋ ಹಾಗೆ ಇಟ್ಟುಕೊಂಡು, ಅಂಗೈಯನ್ನು ಕೆಳಗಿನಿಂದ ಕಾಲ ಸಂದಿಗೆ ತನ್ನಿ. ಮೊದಲು ಎದೆಮೂಳೆ ಸವರಿ. ಆಮೇಲೆ ಹೊಟ್ಟೆಯ ಒಂದು ಪಕ್ಕಕ್ಕೆ ಅಂಗೈ ಇಟ್ಟು ಇನ್ನೊಂದು ಪಕ್ಕ ಬೆರಳಲ್ಲಿ ಮೆಲ್ಲಗೆ ತಟ್ಟಿ. ಬಿಸಿನೀರಿನ ರಬ್ಬರ್ ಚೀಲ ಅಲುಗಿದ ಹಾಗೆ ಅಲೆ ಈ ಕಡೆಗೆ ಬಡಿದರೆ ಅದು ನೀರು. ಎದೆಮೂಳೆ ಚೂಪಾಗಿ ಕೈಗೆ ಸಿಕ್ಕಿ, ತೂಕ ಮಾತ್ರ ಇಳಿಯದೆ ಇದ್ದರೆ ಅನುಮಾನವೇ ಬೇಡ: ಮಾಂಸ ಕರಗಿದೆ, ತಕ್ಕಡಿ ತೋರಿಸ್ತಿರೋದು ನೀರಿನ ತೂಕ. ಅಲೆ ಇಲ್ಲದೆ ಮೆತ್ತಗೆ ದಪ್ಪ, ಗುದದ ಎರಡು ಪಕ್ಕದ ಮೊನೆಮೂಳೆಗಳೂ ಹೂತುಹೋಗಿದ್ದರೆ ಕೊಬ್ಬು. ಒಂದೇ ಒಂದು ಗಟ್ಟಿ ದುಂಡು ಗುದದ ಹತ್ತಿರವೇ ಸಿಕ್ಕಿದರೆ ಮೊಟ್ಟೆ ಸಿಕ್ಕಿಹಾಕಿಕೊಂಡಿದೆ. ಆಗ ಕಾಯೋಕೆ ಟೈಮ್ ಇಲ್ಲ. ಗಂಟುಗಂಟಾಗಿ ಗಟ್ಟಿ ಇದ್ದರೆ ಗೆಡ್ಡೆ ಇರಬಹುದು, ಇಲ್ಲಾ ಮೊಟ್ಟೆನಾಳದಲ್ಲಿ ಕೀವು ಹೆಪ್ಪುಗಟ್ಟಿರಬಹುದು.

ಕತ್ತಿನ ಬುಡದಲ್ಲಿ, ಎದೆಯ ಮುಂದೆ ಊದಿದ್ದರೆ ಅದು ಹೊಟ್ಟೆಯೇ ಅಲ್ಲ, ಮೇವಿನ ಚೀಲ. ಅದರ ಕತೆ ಬೇರೆ.

ಪ್ರಶ್ನೆ ಕೇಳಿದವರು: ನೋಡಿದೆ ಸಾರ್. ಅಲೆ ಬಡಿಯುತ್ತೆ, ಎದೆಮೂಳೆ ಚೂಪಾಗಿದೆ. ಹೊಟ್ಟೆ ಚರ್ಮ ಕೆಂಪಗಾಗಿ ಪುಕ್ಕ ಉದುರಿದೆ. ಜುಟ್ಟು ಸ್ವಲ್ಪ ಸಪ್ಪೆ ಬಣ್ಣ. ಹಿಕ್ಕೆ ಅಂಟಂಟು.

ಪಶುವೈದ್ಯರು: ಹಾಗಾದರೆ ನೀರೇ. ತೊಗಲು ಮೊಟ್ಟೆ ಹಾಕಿ ನಿಲ್ಲಿಸಿದ್ದು ಅಂತೀರಲ್ಲ, ನನಗೆ ಮೊದಲು ಅನುಮಾನ ಬರೋದು ಮೊಟ್ಟೆಯ ದಾರಿ ಮೇಲೆ. ಹಳದಿ ಭಾಗ ನಾಳಕ್ಕೆ ಇಳಿಯದೆ ಹೊಟ್ಟೆಯೊಳಗೇ ಬೀಳುತ್ತೆ, ಅದಕ್ಕೆ ಬ್ಯಾಕ್ಟೀರಿಯಾ ಸೇರಿ ಉರಿಯೂತ ಆಗಿ ನೀರು ಕೂರುತ್ತೆ. ಎರಡು ವರ್ಷ ದಾಟಿದ ಹ್ಯಾಟೆಗಳಲ್ಲಿ ಅಂಡಾಶಯದ ಗೆಡ್ಡೆಯೂ ಇದೇ ರೂಪದಲ್ಲಿ ಕಾಣಿಸಿಕೊಳ್ಳುತ್ತೆ. ಮೂರನೆಯದು ಲಿವರ್ ಅಥವಾ ಹೃದಯ. ಹೊರಗಿನಿಂದ ಇವನ್ನು ಬೇರೆ ಮಾಡೋಕಾಗಲ್ಲ. ವೈದ್ಯರು ಸೂಜಿಯಲ್ಲಿ ಸ್ವಲ್ಪ ತೆಗೆದು ನೋಡ್ತಾರೆ: ತಿಳಿಯಾದ ಒಣಹುಲ್ಲಿನ ಬಣ್ಣ ಇದ್ದರೆ ಲಿವರ್, ಹೃದಯ, ಇಲ್ಲಾ ಗೆಡ್ಡೆ ಕಡೆ ಯೋಚನೆ. ಕದಡಿದ ಹಳದಿ, ಅದರಲ್ಲಿ ಚೂರುಗಳು, ಕೆಟ್ಟ ವಾಸನೆ ಇದ್ದರೆ ಮೊಟ್ಟೆ ಹಳದಿಯ ಸೋಂಕು.

ಮನೇಲಿ ಯಾಕೆ ಎಳೀಬಾರದು ಅಂದರೆ, ಕರುಳು, ಗಾಳಿಚೀಲ, ಲಿವರ್ ಮೂರೂ ಸೂಜಿಗೆ ಹತ್ತಿರವೇ ಇರುತ್ತೆ. ಗಾಳಿಚೀಲ ತೂತಾದರೆ ಆ ನೀರೇ ಉಸಿರಿನ ದಾರಿಗೆ ಹೋಗುತ್ತೆ. ಸರಿಯಾದ ಜಾಗಕ್ಕೇ ಚುಚ್ಚಿದರೂ ಒಂದೇ ಸಲ ಪೂರ್ತಿ ಎಳೆದರೆ ರಕ್ತದೊತ್ತಡ ಕುಸಿದು ಕೋಳಿ ಅಲ್ಲೇ ತಲೆ ವಾಲಿಸುತ್ತೆ. ವೈದ್ಯರು ಉಸಿರಾಟ ಹಗುರಾಗುವಷ್ಟು ತೆಗೆದು ನಿಲ್ಲಿಸ್ತಾರೆ. ಮೂಲ ಕಾಯಿಲೆ ಹಾಗೇ ಇದ್ದರೆ ಕೆಲವು ದಿನ ಅಥವಾ ವಾರಗಳಲ್ಲಿ ಮತ್ತೆ ತುಂಬುತ್ತೆ, ಅದನ್ನೂ ಈಗಲೇ ಹೇಳಿಬಿಡ್ತೀನಿ.

ಬಾಯಿ ತೆರೆದು ಉಸಿರಾಡ್ತಿದ್ದರೆ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡ್ತಿದ್ದರೆ, ಜುಟ್ಟು ನೀಲಿಗಟ್ಟಿದ್ದರೆ ಇವತ್ತೇ ಹೊರಡಿ. ಊರಿನ ಪಶು ಆಸ್ಪತ್ರೆಯಲ್ಲಿ ಕೋಳಿ ನೋಡೋಕೆ ಅನುಕೂಲ ಇಲ್ಲದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಕೆಳಗೆ ಗೋಣಿಚೀಲ ಹಾಸಿ, ಕೂತ ಭಂಗಿಯಲ್ಲೇ ಒಯ್ಯಬೇಕು.

ಮೆಡಿಕಲ್ ಶಾಪಿನಲ್ಲಿ ಯಾವುದೋ ಆ್ಯಂಟಿಬಯಾಟಿಕ್ ತಂದು ನೀರಿಗೆ ಕಲಸಬೇಡಿ. ನೀರು ಲಿವರ್‌ನಿಂದ ಬಂದಿದ್ದರೆ ಅದರಿಂದ ಪ್ರಯೋಜನವಿಲ್ಲ, ಸೋಂಕಾಗಿದ್ದರೆ ಅರೆಬರೆ ಡೋಸ್ ಇನ್ನೂ ಕೆಟ್ಟದ್ದು.

ಮೂಡಿಗೆರೆಯಿಂದ ಒಬ್ಬರು: ಡಾಕ್ಟ್ರೇ, ಮೊಟ್ಟೆ ಸಿಕ್ಕಿಹಾಕಿಕೊಂಡಿದ್ದರೆ ಟೈಮ್ ಇಲ್ಲ ಅಂದ್ರಲ್ಲ. ರಾತ್ರಿ ಹೊತ್ತಲ್ಲಿ ಆದರೆ ಏನು ಮಾಡೋದು?

ಪಶುವೈದ್ಯರು: ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರೋ ವಿಷಯ ಅದು, ಆದರೆ ಮನೇಲಿ ಮಾಡೋಕೆ ಕೆಲಸ ಇದೆ. ಬಕೆಟ್ಟಿಗೆ 38ರಿಂದ 40 ಡಿಗ್ರಿ ಬೆಚ್ಚಗಿನ ನೀರು, ಮೊಣಕೈ ಅದ್ದಿದರೆ ಹಿತವಾಗಿರಬೇಕು. ಹೊಟ್ಟೆ ಮುಳುಗುವಷ್ಟು ಕೂರಿಸಿ 15-20 ನಿಮಿಷ. ನೀರು ಆರಿದರೆ ಬಿಸಿನೀರು ಬೆರೆಸುತ್ತಿರಿ. ಆಮೇಲೆ ಟವೆಲ್‌ನಲ್ಲಿ ಚೆನ್ನಾಗಿ ಒರೆಸಿ ಒಣಗಿಸಬೇಕು. ನಿಮ್ಮ ಕಡೆಯ ಮಳೆಗಾಲದ ಚಳಿಯಲ್ಲಿ ಕೋಳಿಯನ್ನು ಒದ್ದೆಯಾಗೇ ಬಿಟ್ಟರೆ ಅದು ಸಾಯೋಕೆ ಬೇರೇನೂ ಬೇಡ. ಗ್ಲೌಸ್ ಹಾಕಿ, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದ ಒಳಸುತ್ತಿಗೆ ಹಚ್ಚಿ, ಬೆರಳಿನ ಒಂದು ಗೆಣ್ಣಿಗಿಂತ ಒಳಗೆ ಹೋಗಬೇಡಿ. 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ಒಂದನ್ನು ಚೂರು ಮಾಡಿ ಬಾಯಿಗೆ ಹಾಕಿ. ಮೊಟ್ಟೆ ತಳ್ಳೋದು ಸ್ನಾಯು, ಸ್ನಾಯುವಿಗೆ ಕ್ಯಾಲ್ಸಿಯಂ ಬೇಕು. ಕತ್ತಲೆಯ ಬೆಚ್ಚಗಿನ ಮೂಲೆಯಲ್ಲಿ ಬಿಟ್ಟು ಒಂದೆರಡು ಗಂಟೆ ಬಿಟ್ಟು ಮತ್ತೆ ನೀರಲ್ಲಿ ಕೂರಿಸಿ.

ಹೊಟ್ಟೆ ಹಿಸುಕಿ ಮೊಟ್ಟೆ ಒಡೆಯೋರು ಇದ್ದಾರೆ. ದಯವಿಟ್ಟು ಬೇಡ. ಚಿಪ್ಪಿನ ಚೂರು ನಾಳವನ್ನು ಸೀಳುತ್ತೆ. ಬೆಳಿಗ್ಗೆವರೆಗೂ ಬರಲಿಲ್ಲ ಅಂದರೆ ಆಸ್ಪತ್ರೆ, ಅಲ್ಲಿ ಕ್ಯಾಲ್ಸಿಯಂ ಇಂಜೆಕ್ಷನ್ ಕೊಡ್ತಾರೆ.

ಬೇಲೂರಿನಿಂದ, ಕೋಳಿ ಸಾಕಣೆ ಮಾಡುವವರು: ಮೇವಿನ ವಿಷಯವೂ ಹೇಳಿ ಸಾರ್. ನಮ್ಮ ಕಡೆ ಮುಸುಕಿನ ಜೋಳ ಮಳೆಗೆ ಸಿಕ್ಕಿ ಕಪ್ಪಾಗುತ್ತೆ, ಮಾರೋಕಾಗದ್ದು ಕೋಳಿಗೆ ಹಾಕೋದು ವಾಡಿಕೆ. ತೊಳೆದು ಬೇಯಿಸಿದರೆ ಸರಿಹೋಗುತ್ತೆ ಅನ್ನೋರೂ ಇದ್ದಾರೆ.

ಪಶುವೈದ್ಯರು: ಒಳ್ಳೆಯ ಮಾತು ಎತ್ತಿದಿರಿ. ಬೂಷ್ಟು ಹಿಡಿದ ಜೋಳದಲ್ಲಿ, ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ. ಅದು ಹೊಡೆಯೋದು ನೇರ ಲಿವರಿಗೆ. ಲಿವರ್ ಗಟ್ಟಿಯಾದರೆ ಹೊಟ್ಟೆಗೆ ನೀರು. ತೊಳೆದರೂ ಬೇಯಿಸಿದರೂ ಹುರಿದರೂ ಆ ವಿಷ ಹೋಗಲ್ಲ. ಕಪ್ಪು ಕಾಳು ಆರಿಸಿ ತೆಗೆದರೂ ಸಾಲದು, ನೋಡೋಕೆ ಚೆನ್ನಾಗಿರೋ ಕಾಳಲ್ಲೂ ಇರಬಹುದು. ಕಾಳನ್ನು ಕಚ್ಚಿದರೆ ಕಟ್ ಅಂತ ಮುರಿಯುವಷ್ಟು ಒಣಗಿಸಿ, ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ.

ಕೊಬ್ಬಿನ ಹೊಟ್ಟೆಗೆ ಕಾರಣ ಅನ್ನ ಮತ್ತು ಜೋಳ. ಊಟದ ಉಳಿಕೆಯೆಲ್ಲ ಕೋಳಿಗೆ ಸುರಿದರೆ ಲಿವರಲ್ಲಿ ಕೊಬ್ಬು ಕೂತು ಒಂದು ದಿನ ಒಳಗೇ ರಕ್ತಸ್ರಾವವಾಗಿ ದಿಢೀರ್ ಸಾಯುತ್ತೆ. ಲೇಯರ್ ಫೀಡ್ (ಮೊಟ್ಟೆ ಕೋಳಿಯ ಸಿದ್ಧ ಮೇವು) ಮುಖ್ಯ ಮೇವಾಗಿರಲಿ, ಉಳಿದದ್ದು ಹತ್ತರಲ್ಲಿ ಒಂದು ಪಾಲು ಸಾಕು. ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ಅದೇ ತಿನ್ನುತ್ತೆ. ಉಪ್ಪಿನಕಾಯಿ, ಉಪ್ಪು ಜಾಸ್ತಿ ಇರೋ ಸಾರು ಹಾಕಲೇಬೇಡಿ.

ಪ್ರಶ್ನೆ ಕೇಳಿದವರು: ನಾಳೆ ಹಾಸನಕ್ಕೆ ಹೊರಟಿದ್ದೇವೆ ಸಾರ್. ವಾಪಸ್ ಬಂದ ಮೇಲೆ ಹೇಗೆ ನೋಡಿಕೊಳ್ಳೋದು?

ಪಶುವೈದ್ಯರು: ಅಟ್ಟಣೆ ನೆಲದಿಂದ ಅರ್ಧ ಅಡಿಗೆ ಇಳಿಸಿ. ಭಾರದ ಕೋಳಿ ಎತ್ತರದಿಂದ ಧುಮುಕಿದರೆ ಒಳಗೇನಾದರೂ ಹರಿಯಬಹುದು. ಮೊಟ್ಟೆಯ ತೊಂದರೆ ಅಂತಾದರೆ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಬೆಳಕು ಬೀಳದ ಹಾಗೆ ಗೂಡು ಮುಚ್ಚಿ, ಮೊಟ್ಟೆ ಕಟ್ಟೋದು ನಿಧಾನವಾಗುತ್ತೆ. ಹಿಂಭಾಗದ ಅಂಟಿದ ಪುಕ್ಕ ಕತ್ತರಿಸಿ ಬೆಚ್ಚನೆ ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ನೊಣ ಕೂತು ಹುಳ ಬೀಳುತ್ತೆ. ವಾರಕ್ಕೊಮ್ಮೆ ಒಂದೇ ಹೊತ್ತಲ್ಲಿ ತೂಕ ಹಾಕಿ ಬರೆದಿಡಿ. ನೀರು ತೆಗೆಸಿದ ಮೇಲೆ ತೂಕ ಏಕಾಏಕಿ ಏರಿದರೆ ಮತ್ತೆ ತುಂಬ್ತಿದೆ ಅಂತ ಅರ್ಥ. ಗೆಡ್ಡೆ ಅಂತ ಗೊತ್ತಾಗಿ, ಮೇವೂ ಬಿಟ್ಟು ಕೂತರೆ, ನೋವಿಲ್ಲದೆ ಕೊನೆ ಮಾಡಿಸೋದನ್ನೂ ವೈದ್ಯರ ಹತ್ತಿರ ಕೇಳಿ. ಮಕ್ಕಳಿಗೆ ಈಗಲೇ ಸ್ವಲ್ಪ ಹೇಳಿಟ್ಟಿರಿ.

ಇನ್ನೊಬ್ಬರು: ಇಂಥ ಕೋಳಿ ಕುಯ್ದು ತಿನ್ನಬಹುದಾ?

ಪಶುವೈದ್ಯರು: ಬೇಡ. ಹೊಟ್ಟೆಯಲ್ಲಿ ಸೋಂಕಿರಬಹುದು, ಮೇಲಿಂದ ಔಷಧಿಯ ಅಂಶ ಮಾಂಸದಲ್ಲಿರುತ್ತೆ. ಚಿಕಿತ್ಸೆ ನಡೀತಿರೋವಾಗ ಮೊಟ್ಟೆ ಇಟ್ಟರೂ ವೈದ್ಯರು ಹೇಳಿದಷ್ಟು ದಿನ ಎಸೆಯಿರಿ. ಸತ್ತರೆ ನಾಯಿ ಕೆದಕದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಿ. ಕಾರಣ ತಿಳಿಯಬೇಕಿದ್ದರೆ ಫ್ರೀಜರಿಗೆ ಹಾಕದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಐಸ್ ಇಟ್ಟು ಅದೇ ದಿನ ಮರಣೋತ್ತರ ಪರೀಕ್ಷೆಗೆ ಒಯ್ಯಿರಿ. ಹೆಪ್ಪುಗಟ್ಟಿದ ಅಂಗಾಂಗದಲ್ಲಿ ಏನೂ ಸರಿಯಾಗಿ ಕಾಣಲ್ಲ.