ಮೈಕ್ರೋಕಂಟ್ರೋಲರ್ ಕಲಿಕೆ: ಮೊದಲು ಏನು ಕೊಳ್ಳಬೇಕು, ಎಲ್ಲಿ ಎಡವುತ್ತಾರೆ?

ಪ್ರಶ್ನೆ: ಪ್ರೋಗ್ರಾಮಿಂಗ್ ಅಲ್ಪಸ್ವಲ್ಪ ಬರುತ್ತದೆ, ಎಲೆಕ್ಟ್ರಾನಿಕ್ಸ್ ಪೂರ್ತಿ ಹೊಸದು. ಹವ್ಯಾಸಕ್ಕೆ ಮೈಕ್ರೋಕಂಟ್ರೋಲರ್ (ದೀಪ, ಬಟನ್, ಮೋಟರ್‌ಗಳನ್ನು ಕೋಡ್‌ನಿಂದ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಕಲಿಯಲು ಯಾವ ಬೋರ್ಡ್ ತಗೊಳ್ಳಲಿ, ಜೊತೆಗೆ ಏನೇನು ಬೇಕು? ಬಲ್ಲವರು ತಿಳಿಸಿ.

ಉತ್ತರ: ಆರ್ಡುಯಿನೊ ಊನೊ ಆರ್3 ತಗೊಳ್ಳಿ. ಹತ್ತಾರು ಸೆನ್ಸರ್ ತುಂಬಿದ ದೊಡ್ಡ ಕಿಟ್ ಈಗಲೇ ಬೇಡ. ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗ ಚುಚ್ಚಿ ಜೋಡಿಸುವ ಹಲಗೆ), ಜಂಪರ್ ವೈರ್ (ಅದಕ್ಕೆ ಚುಚ್ಚುವ ತುಂಡು ತಂತಿ), ಹತ್ತು ಎಲ್‌ಇಡಿ, 220 ಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್ (ವಿದ್ಯುತ್ ಹರಿವನ್ನು ತಡೆಯುವ ಭಾಗ) ಹತ್ತತ್ತು, ನಾಲ್ಕು ಪುಶ್ ಬಟನ್ ಇದ್ದರೆ ಮೊದಲ ತಿಂಗಳಿಗೆ ಧಾರಾಳ. ಇವೆಲ್ಲಕ್ಕಿಂತ ಮುಖ್ಯ ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್. ಕಂಟಿನ್ಯುಯಿಟಿ ಬೀಪ್ (ಎರಡು ತುದಿ ಕೂಡಿದ್ದರೆ ಬರುವ ಸದ್ದು) ಇರುವುದನ್ನೇ ಆರಿಸಿ, ಏಕೆಂದರೆ ಹೊಸಬರ ಸರ್ಕ್ಯೂಟ್ ಕೈಕೊಡುವುದು ಹೆಚ್ಚಾಗಿ ವೈರಿಂಗ್‌ನಲ್ಲಿ, ಕೋಡ್‌ನಲ್ಲಲ್ಲ.

ಎಲ್‌ಇಡಿಗೆ ರೆಸಿಸ್ಟರ್ ಯಾಕೆಂದು ಲೆಕ್ಕ ಹಾಕಿಯೇ ನೋಡಿ. ಬೋರ್ಡಿನ ಪಿನ್‌ನಲ್ಲಿ (ವೈರ್ ಜೋಡಿಸುವ ಬಿಂದು) 5 ವೋಲ್ಟ್, ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ. ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್. ಆರ್3ರ ಪಿನ್‌ಗೆ 20ರವರೆಗೆ ತೊಂದರೆಯಿಲ್ಲ, 40 ದಾಟಿದರೆ ಚಿಪ್ಪಿಗೇ ಪೆಟ್ಟು. ಇದೇ ಬೋರ್ಡಿನ ಹೊಸ ಆವೃತ್ತಿ ಆರ್4 ಆದರೆ ಪಿನ್‌ಗೆ 8 ಮಿಲಿಆಂಪಿಯರ್ ಅಷ್ಟೇ ಮಿತಿ. ಅದಕ್ಕೆ 470 ಓಮ್ ಹಾಕಿ.

ಉತ್ತರ: ಮೇಲಿನ ಪಟ್ಟಿಗೆ ಡೇಟಾ ಹಾಯುವ ಯುಎಸ್‌ಬಿ ಕೇಬಲ್ ಸೇರಿಸಿ. ಬರೀ ಚಾರ್ಜಿಂಗ್ ಕೇಬಲ್ ಹಾಕಿದರೆ ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿನಲ್ಲಿ ಅದರ ಪೋರ್ಟ್ ಮಾತ್ರ ಕಾಣುವುದಿಲ್ಲ. ಪಿನ್ 0 ಮತ್ತು 1ನ್ನು ಖಾಲಿ ಬಿಡಿ. ಅಲ್ಲಿ ಏನಾದರೂ ಜೋಡಿಸಿದ್ದರೆ ಅಪ್‌ಲೋಡ್ ಕೆಡುತ್ತದೆ.

ಪ್ರಶ್ನೆ: ಬಟನ್ ಮುಟ್ಟದಿದ್ದರೂ ಎಲ್‌ಇಡಿ ತಾನೇ ಹೊತ್ತಿ ಆರುತ್ತಿದೆ, ಯಾಕೆ?

ಉತ್ತರ: ಇನ್‌ಪುಟ್ ಪಿನ್ ತೇಲುತ್ತಿದೆ. ಯಾವುದಕ್ಕೂ ಅಂಟಿಕೊಳ್ಳದ ಪಿನ್ ಸುತ್ತಲಿನ ವಿದ್ಯುತ್ ಗದ್ದಲವನ್ನೇ ಓದುತ್ತದೆ. ಬಟನ್‌ನ ಒಂದು ಕಾಲು ಪಿನ್ 2ಕ್ಕೆ, ಇನ್ನೊಂದು ಗ್ರೌಂಡ್‌ಗೆ (ಬೋರ್ಡಿನ GND, ಅಂದರೆ ಮೈನಸ್ ಕಡೆ) ಕೊಟ್ಟು ಕೋಡ್‌ನ pinMode ಸಾಲಿನಲ್ಲಿ INPUT_PULLUP ಬರೆಯಿರಿ; ಚಿಪ್ಪಿನ ಒಳಗಿನ ರೆಸಿಸ್ಟರ್ ಪಿನ್ನನ್ನು 5 ವೋಲ್ಟ್ ಕಡೆ ಹಿಡಿದಿಡುತ್ತದೆ. ಆಗ ಒತ್ತಿದಾಗ ಸಿಗುವುದು 'ಲೋ' (LOW). ನಾಲ್ಕು ಕಾಲಿನ ಬಟನ್‌ನಲ್ಲಿ ಎರಡೆರಡು ಕಾಲು ಒಳಗೇ ಕೂಡಿರುತ್ತವೆ, ಹಾಗಾಗಿ ಮೂಲೆಯಿಂದ ಮೂಲೆಗೆ ಎದುರಿರುವ ಕಾಲುಗಳನ್ನು ಬಳಸಿ. ಒಂದೇ ಒತ್ತಿಗೆ ಎರಡು ಮೂರು ಎಣಿಕೆ ಬಂದರೆ ಅದು ಒಳಗಿನ ಲೋಹ ಪುಟಿಯುವುದರಿಂದ. ಮೊದಲ ಬದಲಾವಣೆಯಾದ ಮೇಲೆ 20 ಮಿಲಿಸೆಕೆಂಡ್ ಯಾವುದನ್ನೂ ಎಣಿಸಬೇಡಿ.

ಪ್ರಶ್ನೆ: ಸಣ್ಣ ಡಿಸಿ ಮೋಟರನ್ನು ಪಿನ್‌ಗೆ ನೇರ ಜೋಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಹೊರಡುವಾಗ ಮೋಟರ್ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ. ನಡುವೆ ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ (ಪಿನ್‌ನ ವೋಲ್ಟ್‌ನಿಂದ ನಡೆಯುವ ಸ್ವಿಚ್) ಇಡಿ: ಪಿನ್‌ನಿಂದ ಅದರ ಹತೋಟಿ ಕಾಲಾದ ಗೇಟ್‌ಗೆ 220 ಓಮ್, ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್, ಇಲ್ಲದಿದ್ದರೆ ರೀಸೆಟ್ ಆದಾಗ ಮೋಟರ್ ತಾನಾಗಿ ತಿರುಗೀತು. ಮೋಟರ್‌ಗೆ ಬೇರೆ ಬ್ಯಾಟರಿ ಇರಲಿ, ಆದರೆ ಅದರ ಮೈನಸ್ಸನ್ನು ಬೋರ್ಡಿನ ಗ್ರೌಂಡ್‌ಗೆ ಸೇರಿಸಲೇಬೇಕು. ಮೋಟರ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ (ಒಂದೇ ದಿಕ್ಕಿಗೆ ವಿದ್ಯುತ್ ಬಿಡುವ ಭಾಗ) ಹಾಕಿ, ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ತಿರುಗಿಸಿ ಹಾಕಿದರೆ ಮಾಸ್‌ಫೆಟ್ ಆನ್ ಆದೊಡನೆ ಬ್ಯಾಟರಿ ಶಾರ್ಟ್ ಆಗುತ್ತದೆ.