ಅಮೆರಿಕದ ಮಹಾ ಆರ್ಥಿಕ ಕುಸಿತದ ಮೇಲೆ ಸಂಶೋಧನೆ: ಅಲ್ಲಿಗೆ ಹೋಗಲೇಬೇಕಾ? ಅನುಭವ ಇದ್ದವರು ಹೇಳಿ

ಧಾರವಾಡದ ವಿದ್ಯಾರ್ಥಿನಿ ಕೇಳಿದ್ದು:
ನಮಸ್ಕಾರ. ಇತಿಹಾಸದಲ್ಲಿ ಪಿಎಚ್‌ಡಿಗೆ ಸೇರಿದ್ದೇನೆ. ನ್ಯೂ ಡೀಲ್ ಕಾಲದ, ಅಂದರೆ 1930ರ ದಶಕದ ಕುಸಿತಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಪರಿಹಾರ ಯೋಜನೆ ತಂದ ಕಾಲದ, ದಕ್ಷಿಣ ರಾಜ್ಯಗಳ ಕಪ್ಪು ಕೃಷಿ ಕೂಲಿಗಳು ನನ್ನ ವಿಷಯ. 1935ರ ಸೋಶಿಯಲ್ ಸೆಕ್ಯುರಿಟಿ ಕಾಯ್ದೆಯಲ್ಲಿ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಪಿಂಚಣಿಯಿಂದ ಹೊರಗಿಟ್ಟರಲ್ಲ, ಅದು ಯಾರ ನಿರ್ಧಾರ ಅನ್ನುವುದು ಮುಖ್ಯ ಪ್ರಶ್ನೆ. ಒಂದೇ ಸಲ ಹೋಗಿಬರುವಷ್ಟು ದುಡ್ಡು ಹೊಂದಿಸಬಹುದು. ಹೈಡ್ ಪಾರ್ಕ್‌ನ ರೂಸ್‌ವೆಲ್ಟ್ ಗ್ರಂಥಾಲಯಕ್ಕೆ ಹೋಗಲೋ, ವಾಷಿಂಗ್ಟನ್‌ನ ದಾಖಲೆ ಭಂಡಾರಗಳ ಕಡೆಗೋ? ಇಲ್ಲೇ ಕೂತು ಎಷ್ಟು ಕೆಲಸ ಆಗುತ್ತೆ?

ಸಾಗರದವರು:
ಹೋಗಿ ಮೇಡಂ. ನಾನು ಹೋಗಿಬಂದವನು. ಲಿಂಗನಮಕ್ಕಿ ಹಿನ್ನೀರಿನಲ್ಲಿ ನಮ್ಮ ಅಜ್ಜನ ಮನೆ, ಅಡಿಕೆ ತೋಟ ಎರಡೂ ಮುಳುಗಿದವು. ಅದಕ್ಕೇ ಟೆನೆಸ್ಸಿಯ ಟಿವಿಎ (ಟೆನೆಸ್ಸಿ ಕಣಿವೆ ಪ್ರಾಧಿಕಾರ) ಅಣೆಕಟ್ಟುಗಳನ್ನು ಸಂಶೋಧನೆಗೆ ಹಿಡಿದೆ. 1936ರಲ್ಲಿ ಮುಗಿದ ನಾರಿಸ್ ಅಣೆಕಟ್ಟಿಗಾಗಿ ಸುಮಾರು 3,000 ಕುಟುಂಬ ಊರು ಬಿಟ್ಟವು. ಸುಮಾರು 5,000 ಗೋರಿ ಅಗೆದು ಬೇರೆ ಕಡೆ ಹೂತರು. ಜಮೀನು ಇದ್ದವರಿಗೆ ಹಣ ಸಿಕ್ಕಿತು, ಗೇಣಿಗೆ ಮಾಡುತ್ತಿದ್ದವರಿಗೆ ಜಮೀನಿನ ಹಣ ಇಲ್ಲ. ಕೆಲಸಗಾರರಿಗೆ ಅಂತ ಕಟ್ಟಿದ ಮಾದರಿ ಊರಿನಲ್ಲಿ ಕಪ್ಪು ಜನರಿಗೆ ಮನೆಯೇ ಕೊಡಲಿಲ್ಲ. ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಇದೇ ಟಿವಿಎ ಮಾದರಿ. ನಮ್ಮವರು ಅದರಲ್ಲಿ ವಿದ್ಯುತ್ತಿನ ಅಧ್ಯಾಯ ಓದಿದರು, ಮುಳುಗಡೆಯವರ ಅಧ್ಯಾಯ ಬಿಟ್ಟರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಟಿವಿಎ ಕಡತಗಳು ಅಟ್ಲಾಂಟಾ ಪಕ್ಕದ ಮಾರೋ ಊರಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಖರ್ಚು ಕೇಳಿ. ವಿಮಾನಕ್ಕೆ 1,18,000 ರೂಪಾಯಿ. ರೂಮು ರಾತ್ರಿಗೆ 92 ಡಾಲರ್ ಅಂದರು, ತೆರಿಗೆ ಸೇರಿ 105 ಆಯಿತು. ಟ್ಯಾಕ್ಸಿಗೆ ದಿನಾ 38 ಡಾಲರ್. ಅನುದಾನ ಕೊಡುತ್ತೇವೆ ಅಂದಿದ್ದ ಸಂಸ್ಥೆ, ವಾಪಸ್ ಬಂದ ಮೇಲೆ ಟ್ಯಾಕ್ಸಿ ಬಿಲ್ಲಿನ ಮೂಲಪ್ರತಿ ಕೇಳಿತು. ಫೋನಿಗೆ ಬರುವ ಬಿಲ್ಲಿಗೆ ಮೂಲಪ್ರತಿ ಎಲ್ಲಿಂದ ತರೋದು? ಡಾಲರಿಗೆ 82 ರೂಪಾಯಿ ಲೆಕ್ಕ ಹಿಡಿದರು. ಬ್ಯಾಂಕು ನನ್ನಿಂದ ಕಿತ್ತದ್ದು 86 ಚಿಲ್ಲರೆ. ಹೆಂಡತಿಯ ಬಳೆ ಇನ್ನೂ ಸೊಸೈಟಿಯಲ್ಲಿ ಅಡ ಇದೆ. ಆದರೂ ಮನೆ ಬಿಡಲ್ಲ ಅಂತ ಕೂತವರ ಕಥೆಯನ್ನು ಆ ಕಾಗದದಲ್ಲಿ ಓದಿದ್ದೇನಲ್ಲ, ಅದಕ್ಕೆ ಬೆಲೆ ಕಟ್ಟಲು ಆಗಲ್ಲ.

ಬೆಂಗಳೂರಿನಿಂದ, ಅರ್ಥಶಾಸ್ತ್ರ:
ಬಳೆ ಅಡ ಇಡೋದನ್ನು ಹುಡುಗರಿಗೆ ಹೇಳಿಕೊಡಬೇಡಿ ಸರ್. ನಾನು ಅಮೆರಿಕ ನೋಡಿಲ್ಲ, ನನ್ನ ಪ್ರಬಂಧ ಮುಗಿದಿದೆ. ಅಲ್ಲಿನ ಜನಗಣತಿಯ ಹೆಸರು ಸಮೇತ ಹಾಳೆಗಳನ್ನು 72 ವರ್ಷ ಮುಚ್ಚಿಡುತ್ತಾರೆ. 1940ರದ್ದು 2012ರಲ್ಲಿ ಬಿಟ್ಟರು. ಕೂಲಿ ಎಷ್ಟು, ನಿರುದ್ಯೋಗಿಗಳಿಗೆ ಸರ್ಕಾರ ಕೊಟ್ಟ ಡಬ್ಲ್ಯುಪಿಎ ಅಥವಾ ಸಿಸಿಸಿ ಪರಿಹಾರ ಕೆಲಸದಲ್ಲಿದ್ದೀರಾ, ಎಲ್ಲ ಕೇಳಿದ್ದಾರೆ. ಮನೆಮನೆಯ ಮಾಹಿತಿ ಪುಕ್ಕಟೆ ಸಿಗುತ್ತೆ. ನನಗೆ ಖರ್ಚಾದದ್ದು ಕಂಪ್ಯೂಟರಿಗೆ: ರ‍್ಯಾಮ್ ಹಾಕಿಸಲು 7,400, ಹಾರ್ಡ್ ಡಿಸ್ಕಿಗೆ 5,200. ಆ ಡಿಸ್ಕ್ ಕೆಟ್ಟು ಕೌಂಟಿವಾರು, ಅಂದರೆ ಜಿಲ್ಲೆವಾರು ಪಟ್ಟಿಗಳೆಲ್ಲ ಹೋದವು. ಉಳಿಸಿಕೊಡುತ್ತೇನೆ ಅಂದ ಅಂಗಡಿಯವನು 9,000 ತೆಗೆದುಕೊಂಡು ಅರ್ಧ ಫೈಲು ಕೊಟ್ಟ.

ಇನ್ನೊಂದು ಮಾತು. ಡಬ್ಲ್ಯುಪಿಎಯಲ್ಲಿ ದುಡಿಯುತ್ತಿದ್ದವರನ್ನು ನಿರುದ್ಯೋಗಿ ಅಂತ ಎಣಿಸಿದರೆ 1938ರ ನಿರುದ್ಯೋಗ ಸುಮಾರು ಶೇ. 19. ಕೆಲಸದಲ್ಲಿದ್ದಾರೆ ಅಂತ ಎಣಿಸಿದರೆ ಶೇ. 12.5. ಇದನ್ನು ತೀರ್ಮಾನಿಸದೆ ಯಾವ ಭಂಡಾರಕ್ಕೆ ಹೋದರೂ ವ್ಯರ್ಥ.

ಸಾಗರದವರು:
ಜಮೀನು ಕಳಕೊಂಡವನ ಸಂಕಟ ನಿಮ್ಮ ಯಾವ ಕಾಲಮ್ಮಿನಲ್ಲಿ ಬರುತ್ತೆ, ಹೇಳಿ ನೋಡೋಣ.

ನ್ಯೂಜೆರ್ಸಿಯಿಂದ ಒಬ್ಬ ಅಕ್ಕ:
ಬೆಂಗಳೂರಿನ ಸರ್, ನಿಮ್ಮ ಜನಗಣತಿಯಲ್ಲಿ ನಮ್ಮವರನ್ನು ಹೇಗೆ ಬರೆದಿದ್ದಾರೆ ನೋಡಿದ್ದೀರಾ? 1920ರಿಂದ 1940ರವರೆಗೆ ಭಾರತದವರ ಜನಾಂಗದ ಕಾಲಮ್ಮಿನಲ್ಲಿ ‘ಹಿಂದೂ’ ಅಂತ ಇದೆ. ಸಿಖ್ಖರಾದರೂ ಅಷ್ಟೇ, ಮುಸ್ಲಿಮರಾದರೂ ಅಷ್ಟೇ. ಅಂಥ ಎಣಿಕೆಯನ್ನು ಹಾಗೇ ನಂಬಿಬಿಡೋದಾ?

ನಾನು ಹುಡುಕಿದ್ದು ಕ್ಯಾಲಿಫೋರ್ನಿಯಾದ ಭಾರತೀಯ ಕೂಲಿಗಳನ್ನು. ಭಾರತೀಯರು ಕಾನೂನಿನ ಪ್ರಕಾರ ಬಿಳಿಯರಲ್ಲ ಅಂದ, ಅಲ್ಲಿನ ಸುಪ್ರೀಂ ಕೋರ್ಟಿನ 1923ರ ಥಿಂಡ್ ತೀರ್ಪಿನಿಂದ ಅವರಿಗೆ ಪೌರತ್ವದ ಬಾಗಿಲು ಮುಚ್ಚಿತು. 1939ರಲ್ಲಿ ವಿದೇಶಿಯರಿಗೆ ಡಬ್ಲ್ಯುಪಿಎ ಕೆಲಸ ಇಲ್ಲ ಅಂತ ಅಲ್ಲಿನ ಸಂಸತ್ತು (ಕಾಂಗ್ರೆಸ್) ನಿಯಮ ಮಾಡಿತು. ಎರಡೂ ಸೇರಿ ಏನಾಯಿತು ನೋಡಿ. ವರ್ಷಗಟ್ಟಲೆ ಅಲ್ಲೇ ಗೇದವರು ಪೌರರೂ ಆಗುವಂತಿಲ್ಲ, ಪರಿಹಾರದ ಕೆಲಸಕ್ಕೂ ಹೋಗುವಂತಿಲ್ಲ. ಇದಕ್ಕೆ ನಾನು ವಾಷಿಂಗ್ಟನ್ ಪಕ್ಕದ ಕಾಲೇಜ್ ಪಾರ್ಕ್‌ನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ 69ನೇ ದಾಖಲೆ ಗುಂಪು, ಅಂದರೆ ಡಬ್ಲ್ಯುಪಿಎ ಕಡತ ತೆಗೆಸಿದೆ. ಅಲ್ಲಿ ವ್ಯಕ್ತಿಯ ಹೆಸರಿಂದ ಹುಡುಕಲು ಆಗಲ್ಲ. ರಾಜ್ಯ, ಆಮೇಲೆ ವಿಷಯದ ನಂಬರು. ಪೆಟ್ಟಿಗೆ ಮೇಲೆ ಪೆಟ್ಟಿಗೆ ತರಿಸಿದರೂ ಸೇತುವೆ ರಿಪೇರಿ, ಶಾಲೆಯ ಶೌಚಾಲಯ, ಸಿಮೆಂಟಿನ ಲೆಕ್ಕ. ಮಗುವನ್ನು ನೋಡಿಕೊಳ್ಳುವವಳಿಗೆ ಗಂಟೆಗೆ 22 ಡಾಲರ್, ಪಾರ್ಕಿಂಗ್ ಬೇರೆ. ಮನೆಯಲ್ಲಿ ‘ಇದರಿಂದ ಏನು ಬಂತು’ ಅಂತ ಕೇಳುತ್ತಿದ್ದರು. ಫೋನಿನಲ್ಲಿ ಫೋಟೋ ತೆಗೆಯೋದು ಪುಕ್ಕಟೆ, ಅದೊಂದು ಪುಣ್ಯ.

ಬೆಂಗಳೂರಿನಿಂದ, ಅರ್ಥಶಾಸ್ತ್ರ:
ಅಕ್ಕ, ತಪ್ಪು ವರ್ಗ ಅಂತ ಗೊತ್ತಿದ್ದರೆ ಅದನ್ನು ಸರಿಪಡಿಸಿ ಲೆಕ್ಕ ಮಾಡಬಹುದು. ನೀವು ಕಾರಿನಲ್ಲಿ ಹೋಗಿ ಬರುವವರು, ಇಲ್ಲಿನ ಹುಡುಗಿಯ ಕಷ್ಟ ನಿಮಗೆ ಗೊತ್ತಾಗಲ್ಲ.

ನ್ಯೂಜೆರ್ಸಿಯಿಂದ ಒಬ್ಬ ಅಕ್ಕ:
ನನ್ನ ಕಷ್ಟ ನಿಮಗೆ ಗೊತ್ತಾ? ಅಮೆರಿಕದಲ್ಲಿದ್ದೀರಲ್ಲ, ನಿಮಗೇನು ಕಡಿಮೆ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ.

ಮೈಸೂರಿನಿಂದ, ನಿವೃತ್ತ ಅಧ್ಯಾಪಕ:
ಜಗಳ ಬಿಡಿ. ನಾನು ಮೂವತ್ತರ ದಶಕವನ್ನು ಓದಿದ್ದು ಲೈಬ್ರರಿ ಆಫ್ ಕಾಂಗ್ರೆಸ್‌ನ ಒಂದೇ ಸಂಗ್ರಹದಿಂದ. ಡಬ್ಲ್ಯುಪಿಎಯ ಬರಹಗಾರರ ಯೋಜನೆಯಾದ ಫೆಡರಲ್ ರೈಟರ್ಸ್ ಪ್ರಾಜೆಕ್ಟಿನವರು 1936ರಿಂದ 1938ರವರೆಗೆ, ಗುಲಾಮಗಿರಿ ಕಂಡಿದ್ದ ವೃದ್ಧರ ಮಾತು ಬರೆದುಕೊಂಡರು. 2,300ಕ್ಕೂ ಜಾಸ್ತಿ ಕಥನಗಳಿವೆ. ಎಲ್ಲವೂ ಇಂಟರ್ನೆಟ್ಟಿನಲ್ಲಿವೆ. ಕೇಳಲು ಹೋದವರು ಹೆಚ್ಚಾಗಿ ಬಿಳಿಯರು. ಸರ್ಕಾರದವರು ಬಂದಿದ್ದಾರೆ, ಪಿಂಚಣಿ ಕೊಡಿಸಬಹುದು ಅಂದುಕೊಂಡ ಮುದುಕರೂ ಇದ್ದರು. ‘ಆಗ ಹೊಟ್ಟೆಗಾದರೂ ಸಿಗುತ್ತಿತ್ತು’ ಎಂಬ ಅರ್ಥದ ಮಾತು ಬಂದಲ್ಲಿ ಗುಲಾಮಗಿರಿಯ ಹೊಗಳಿಕೆ ಅಂತ ಓದಬಾರದು. ಅದು 1937ರ ಹಸಿವು. ಇದನ್ನೇ ಒಂದು ಲೇಖನ ಮಾಡಿ ಕಳಿಸಿದೆ. ಮೂಲ ಭಂಡಾರಕ್ಕೆ ಹೋಗಿಲ್ಲ ಅಂತ ಪತ್ರಿಕೆಯವರು ತಿರುಗಿಸಿದರು. ಕಾಗದ ಮುಟ್ಟಿದರೆ ಮಾತ್ರ ಸಂಶೋಧನೆಯಾ?

ಸಾಗರದವರು:
ಹಾಗಂತ ನಾನು ಎಲ್ಲಿ ಹೇಳಿದೆ ಸರ್? ಹೋಗದವರೆಲ್ಲ ಸೇರಿ ಹೋದವನನ್ನು ದಡ್ಡ ಅನ್ನುತ್ತಿದ್ದೀರಿ.

ಧಾರವಾಡದ ವಿದ್ಯಾರ್ಥಿನಿ:
ಎಲ್ಲರಿಗೂ ಧನ್ಯವಾದ. ಆದರೆ ಕಾಯ್ದೆಯಿಂದ ಹೊರಗಿಟ್ಟ ವಿಷಯಕ್ಕೆ ಎಲ್ಲಿ ನೋಡಲಿ?

ಮೈಸೂರಿನಿಂದ, ನಿವೃತ್ತ ಅಧ್ಯಾಪಕ:
ತಂಗೀ, ಕಾಯ್ದೆಯ ಕರಡು ಮಾಡಿದ್ದು ಕಾರ್ಮಿಕ ಕಾರ್ಯದರ್ಶಿ (ನಮ್ಮಲ್ಲಿ ಮಂತ್ರಿ ಇದ್ದ ಹಾಗೆ) ಫ್ರಾನ್ಸಿಸ್ ಪರ್ಕಿನ್ಸ್ ಅವರ ಸಮಿತಿ. ಅದರ ಮೊದಲ ಯೋಜನೆಯಲ್ಲಿ ಆ ಕೂಲಿಗಳೂ ಇದ್ದರು. 1935ರ ಫೆಬ್ರವರಿಯಲ್ಲಿ ಖಜಾನೆ ಕಾರ್ಯದರ್ಶಿ ಮಾರ್ಗೆಂಥೌ ಸಂಸತ್ತಿನ ಸಮಿತಿಯ ಮುಂದೆ ತೆರಿಗೆ ವಸೂಲಿ ಕಷ್ಟ ಅಂತ ಹೇಳಿ, ಅವರನ್ನು ಬಿಡಿ ಅಂದರು. ಆ ವಿಚಾರಣೆಯ ಸಂಪುಟ ಇಲ್ಲೇ ಕೂತು ಓದಬಹುದು. ಮಾರ್ಗೆಂಥೌ ಡೈರಿಗಳನ್ನೂ ಹೈಡ್ ಪಾರ್ಕಿನವರು ಆನ್‌ಲೈನ್ ಹಾಕಿದ್ದಾರೆ.

ನ್ಯೂಜೆರ್ಸಿಯಿಂದ ಒಬ್ಬ ಅಕ್ಕ:
ವಸೂಲಿ ಕಷ್ಟ ಅನ್ನೋದು ಮೇಲಿನ ಮಾತು. ಸಮಿತಿಗಳಲ್ಲಿ ದಕ್ಷಿಣ ರಾಜ್ಯಗಳ ಬಿಳಿಯ ಡೆಮಾಕ್ರಾಟ್ ಸಂಸದರ ಹಿಡಿತ ಎಷ್ಟಿತ್ತು ಅಂತ ನೋಡದೆ ಇದನ್ನು ಹೇಳಬಾರದು.

ಬೆಂಗಳೂರಿನಿಂದ, ಅರ್ಥಶಾಸ್ತ್ರ:
ಹೊರಗುಳಿದ ಕೃಷಿ ಕೂಲಿಗಳಲ್ಲೂ ಮನೆಗೆಲಸದವರಲ್ಲೂ ಬಿಳಿಯರ ಸಂಖ್ಯೆಯೇ ಜಾಸ್ತಿ. ಅದನ್ನೂ ಹೇಳಿ ಅಕ್ಕ.

ನ್ಯೂಜೆರ್ಸಿಯಿಂದ ಒಬ್ಬ ಅಕ್ಕ:
ಸಂಖ್ಯೆ ಅಲ್ಲ, ಪಾಲು ನೋಡಿ. ಕಪ್ಪು ಕೆಲಸಗಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೊರಗುಳಿದರು. ಅರ್ಥಶಾಸ್ತ್ರದವರಿಗೆ ಇದನ್ನು ನಾನು ಹೇಳಬೇಕಾ? ತಂಗೀ, ನೀನು ಸದರ್ನ್ ಟೆನೆಂಟ್ ಫಾರ್ಮರ್ಸ್ ಯೂನಿಯನ್ನಿನ ಕಾಗದ ಓದು. 1934ರಲ್ಲಿ ಅರ್ಕಾನ್ಸಾದ ಟೈರೊನ್ಝಾದಲ್ಲಿ ಕಪ್ಪು, ಬಿಳಿ ಗೇಣಿದಾರರು ಸೇರಿ ಕಟ್ಟಿದ ಸಂಘ. ಹತ್ತಿ ಬೆಳೆಯಬೇಡಿ ಅಂತ ಸರ್ಕಾರ ಮಾಲೀಕರಿಗೆ ಹಣ ಕೊಟ್ಟಿತು, ಮಾಲೀಕರು ಗೇಣಿದಾರರನ್ನು ಒಕ್ಕಲೆಬ್ಬಿಸಿದರು. ಆ ಕಾಗದ ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿದೆ, ಮೈಕ್ರೋಫಿಲ್ಮ್ ಕೂಡ ಆಗಿದೆ. ಮೊದಲು ಫಿಲ್ಮ್ ತರಿಸೋಕೆ ಆಗುತ್ತಾ ನಿಮ್ಮ ಲೈಬ್ರರಿಯಲ್ಲಿ ಕೇಳು, ಆಮೇಲೆ ಟಿಕೆಟ್ ಮಾಡು.

ಸಾಗರದವರು:
ಚಾಪೆಲ್ ಹಿಲ್‌ಗೆ ಹೋಗುವುದಾದರೆ ಮಾರೋಗೂ ಬಸ್ಸಿದೆಯಾ ವಿಚಾರಿಸಿ ಮೇಡಂ. ಮತ್ತೆ ಅನುದಾನದವರು ಮೂಲ ಬಿಲ್ ಕೇಳುತ್ತಾರಾ ಅನ್ನೋದನ್ನು ಹೊರಡುವ ಮುಂಚೆಯೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ.